ಕೊಡಗಿನ ಮಳೆಗೆ ಒಗ್ಗುವ ಹೊರ ಅಡುಗೆಮನೆ: ನೀವೇ ಕಟ್ಟಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಮನೆಯ ಹಿತ್ತಲಿನಲ್ಲಿ ಒಂದು ಹೊರ ಅಡುಗೆಮನೆ ಬೇಕೆಂದು ಹೊರಟವರು ಸಾಮಾನ್ಯವಾಗಿ ಒಲೆಯಿಂದಲೇ ಯೋಚನೆ ಆರಂಭಿಸುತ್ತಾರೆ. ಸೌದೆ ಒಲೆಯೋ ಗ್ಯಾಸೋ, ಎಷ್ಟು ಉರಿ ಬೇಕು, ಕಟ್ಟೆಗೆ ಯಾವ ಕಲ್ಲು ಹಾಸಬೇಕು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಚಾವಣಿ ಮತ್ತು ಚರಂಡಿಗಳು ಕೊನೆಗೆ ಉಳಿದ ಹಣದಲ್ಲಿ ಹೇಗೋ ಮುಗಿಯುತ್ತವೆ. ಬಯಲುಸೀಮೆಯಲ್ಲಿ ಈ ಕ್ರಮ ನಡೆದೀತು. ಕೊಡಗಿನಲ್ಲಿ ನಡೆಯುವುದಿಲ್ಲ. ಕುಶಾಲನಗರದ ಸುತ್ತ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆಯಾದರೆ, ಭಾಗಮಂಡಲದ ಕಡೆ 5000 ಮಿ.ಮೀ. ದಾಟುವ ವರ್ಷಗಳಿವೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿಯ ಜೊತೆಗೆ ಓರೆಯಾಗಿ ಬಂದು ಬೀಳುತ್ತದೆ. ಆದ್ದರಿಂದ ಇಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು. ಒಲೆಯ ಜಾಗ ಅದರ ನಂತರ ತಾನಾಗಿ ಗೊತ್ತಾಗುತ್ತದೆ. ಖರ್ಚನ್ನು ಎಲ್ಲಾದರೂ ಕಡಿತಗೊಳಿಸಲೇಬೇಕಾದರೆ ಕಟ್ಟೆಯ ಕಲ್ಲಿನಲ್ಲಿ ಕಡಿಮೆ ಮಾಡಿ, ಚಾವಣಿಯಲ್ಲಿ ಮಾತ್ರ ಮಾಡಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಮಾರ್ಗದರ್ಶಿಯಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಒಂದು ಅಡುಗೆಮನೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 12 ಅಡಿಯ ಬದಿ ತೆಂಕು-ಬಡಗಾಗಿಯೂ 10 ಅಡಿಯ ಬದಿ ಮೂಡು-ಪಡುವಾಗಿಯೂ ಇರುತ್ತದೆ. ಇಬ್ಬರು ಮೂವರು ಒಟ್ಟಿಗೆ ನಿಂತು ಕೆಲಸ ಮಾಡಲು, ಹಬ್ಬದ ದಿನ ದೊಡ್ಡ ಪಾತ್ರೆ ಇಡಲು ಇಷ್ಟು ಜಾಗ ಸಾಕು.

ಯಾವಾಗ ಆರಂಭಿಸಬೇಕು

ಕೊಡಗಿನಲ್ಲಿ ಕಟ್ಟಡದ ಕೆಲಸಕ್ಕೆ ಸಿಗುವ ಕಾಲ ಕಿರಿದು. ನವೆಂಬರ್‌ನಿಂದ ಅರೇಬಿಕಾ, ಅದರ ಬೆನ್ನಿಗೆ ರೋಬಸ್ಟಾ ಕೊಯ್ಲು ನಡೆಯುವಾಗ ಕೆಲಸದವರು ಸಿಗುವುದು ಕಷ್ಟ, ಮನೆಯವರಿಗೂ ಕಣದ ಕೆಲಸ ಬಿಟ್ಟು ಬೇರೆಯದಕ್ಕೆ ಪುರುಸೊತ್ತಿರುವುದಿಲ್ಲ. ಹೀಗಾಗಿ ಜಾಗ ಗುರುತಿಸಿ ಕಲ್ಲು, ಮರಳು ತರಿಸಿಡುವುದನ್ನು ಫೆಬ್ರವರಿಯಲ್ಲಿ, ತಳಪಾಯ ಮತ್ತು ಕಂಬಗಳನ್ನು ಮಾರ್ಚ್‌ನಲ್ಲಿ, ಚಾವಣಿಯನ್ನು ಏಪ್ರಿಲ್ ಮಧ್ಯದೊಳಗೆ ಮುಗಿಸುವಂತೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕಾಫಿಗೆ ಬೇಕಾದ ಹೂಮಳೆ ನಡುವೆ ಬಂದರೆ ಕಾಂಕ್ರೀಟಿನ ಕ್ಯೂರಿಂಗಿಗೆ ಅದರಿಂದ ಉಪಕಾರವೇ ಆಗುತ್ತದೆ, ಆದರೆ ಹೊಸದಾಗಿ ಮೆತ್ತಿದ ಮಣ್ಣಿನ ಒಲೆಗೆ ಅದು ಶತ್ರು. ಮಣ್ಣಿನ ಕೆಲಸವನ್ನು ಚಾವಣಿ ಬಿದ್ದ ಮೇಲೆಯೇ ಹಿಡಿಯಬೇಕು ಎನ್ನುವುದಕ್ಕೆ ಇದೇ ಕಾರಣ. ಕಂಬ, ಗೋಡೆ ಇರುವ ಕಾಯಂ ಕಟ್ಟಡವಾದ್ದರಿಂದ ಕೆಲಸ ಶುರುಮಾಡುವ ಮುನ್ನ ಗ್ರಾಮ ಪಂಚಾಯಿತಿಯಲ್ಲೋ ಪಟ್ಟಣದ ಕಚೇರಿಯಲ್ಲೋ ಅನುಮತಿಯ ವಿಷಯ ವಿಚಾರಿಸಿಕೊಳ್ಳಿ.

ಜಾಗದ ಆಯ್ಕೆ

ಮಳೆಗಾಲದ ಗಾಳಿ ನಮ್ಮಲ್ಲಿ ನೈಋತ್ಯ ಮತ್ತು ಪಡುವಣದಿಂದ ಬೀಸುತ್ತದೆ. ಅಡುಗೆಮನೆಯನ್ನು ವಾಸದ ಮನೆಯ ಮೂಡಣ ಅಥವಾ ಈಶಾನ್ಯ ಬದಿಗೆ ಇಟ್ಟರೆ ಮನೆಯೇ ಅದಕ್ಕೆ ಮರೆಯಾಗುತ್ತದೆ, ಹೊಗೆಯೂ ಮನೆಯಿಂದ ದೂರಕ್ಕೆ ಹೋಗುತ್ತದೆ. ಆದರೆ ಮನೆಗೆ ತೀರಾ ಅಂಟಿಸಿ ಕಟ್ಟಬಾರದು. ಗಾಳಿ ಮನೆಯ ಮಾಡನ್ನು ದಾಟಿ ಕೆಳಗಿಳಿಯುವಾಗ ಗೋಡೆಯ ಬುಡದಲ್ಲಿ ಸುಳಿಯಾಗಿ ತಿರುಗುತ್ತದೆ, ಹೊಗೆ ಅದೇ ಸುಳಿಯಲ್ಲಿ ಸಿಕ್ಕಿ ಕಿಟಕಿಯಿಂದ ಒಳಗೆ ಬರುತ್ತದೆ. 8ರಿಂದ 10 ಅಡಿ ಅಂತರವಿದ್ದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ, ಮಳೆಯಲ್ಲಿ ಪಾತ್ರೆ ಹಿಡಿದು ಓಡಾಡುವುದಕ್ಕೂ ಅದು ಹೆಚ್ಚು ದೂರವಲ್ಲ. ನಡುವಿನ ದಾರಿಗೆ ಒರಟು ಕಲ್ಲು ಹಾಸಿರಬೇಕು. ನಯವಾದ ಸಿಮೆಂಟ್ ನೆಲ ಆಷಾಢದಲ್ಲಿ ಪಾಚಿ ಹಿಡಿದು ಕಾಲು ಜಾರಿಸುತ್ತದೆ.

ಇಳಿಜಾರಿನ ಜಾಗವಿದ್ದವರು ಇಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕು. ಸಮತಟ್ಟು ಮಾಡಿಕೊಳ್ಳಲೆಂದು ಬರೆಯನ್ನು (ಗುಡ್ಡದ ಕಡಿದಾದ ಮಣ್ಣಿನ ಬದಿಯನ್ನು) ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಕೆಳಬದಿಗೆ ತುಂಬಿ, ಆ ತುಂಬಿದ ಮಣ್ಣಿನ ಮೇಲೆ ಕಟ್ಟುವ ರೂಢಿ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಭೂಕುಸಿತದಿಂದ ಏನಾಯಿತೆಂದು ನೋಡಿದ ಯಾರೂ ಈ ಎರಡು ಕೆಲಸಗಳನ್ನೂ ಹಗುರವಾಗಿ ತೆಗೆದುಕೊಳ್ಳಲಾರರು. ಬರೆಯ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಇದ್ದ ಆಧಾರ ಹೋಗುತ್ತದೆ. ಸಡಿಲವಾಗಿ ತುಂಬಿದ ಮಣ್ಣು ನೀರು ಕುಡಿದು ಕೂರುತ್ತದೆ ಅಥವಾ ಜಾರುತ್ತದೆ. ಬರೆಯಿಂದ ಅದರ ಎತ್ತರದಷ್ಟಾದರೂ ದೂರ ಸರಿದು, ಗಟ್ಟಿ ನೆಲ ಇರುವಲ್ಲಿಯೇ ಜಾಗ ಹುಡುಕಿ. ಒಂದೆರಡು ಅಡಿ ಏರುಪೇರಿದ್ದರೆ ಕಡಿಯುವ ಬದಲು ಕೆಳಬದಿಗೆ ಕಲ್ಲಿನ ಪಾಯ ಏರಿಸಿ ನೆಲವನ್ನು ಮಟ್ಟ ಮಾಡಿಕೊಳ್ಳುವುದೇ ಸುರಕ್ಷಿತ. ಕುಡಿಯುವ ನೀರಿನ ಬಾವಿಯಿಂದ 50 ಅಡಿಯಾದರೂ ದೂರವಿರಲಿ.

ನೀರಿನ ಲೆಕ್ಕ

ಚಾವಣಿ ಎಲ್ಲ ಬದಿಗೂ ಎರಡು ಅಡಿ, ಪಡುವಣಕ್ಕೆ ಮಾತ್ರ ಮೂರು ಅಡಿ ಹೊರಚಾಚಿದರೆ ಅದರ ಅಡಿಯ ವಿಸ್ತಾರ 16 ಅಡಿಗೆ 15 ಅಡಿ, ಅಂದರೆ 240 ಚದರ ಅಡಿ ಆಗುತ್ತದೆ. ಒಂದು ದಿನ 100 ಮಿ.ಮೀ. ಮಳೆ ಬಂದರೆ ಈ ಪುಟ್ಟ ಮಾಡಿನಿಂದಲೇ ಇಳಿಯುವ ನೀರು 2200 ಲೀಟರ್ ದಾಟುತ್ತದೆ. ಇಷ್ಟು ನೀರು ಸೂರಿನಿಂದ ಬಿದ್ದು ನೆಲಕ್ಕೆ ಬಡಿದು ಸಿಡಿಯುವುದರಿಂದಲೇ ಕಟ್ಟೆಯ ಬುಡ, ಕಂಬದ ಬುಡ, ಸೌದೆ ಎಲ್ಲವೂ ಒದ್ದೆಯಾಗುತ್ತವೆ. ಆದ್ದರಿಂದ ಅಡುಗೆಮನೆಯ ನೆಲ ಸುತ್ತಲಿನ ಅಂಗಳಕ್ಕಿಂತ 9ರಿಂದ 12 ಅಂಗುಲ ಎತ್ತರದಲ್ಲಿರಬೇಕು, ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ಒಂದು ಅಡಿ ಅಗಲದ ಚರಂಡಿ ಇರಬೇಕು, ಚರಂಡಿಯ ತಳಕ್ಕೆ ಮುಷ್ಟಿ ಗಾತ್ರದ ಕಲ್ಲು ಹಾಸಿದ್ದರೆ ಸಿಡಿತ ಕಡಿಮೆಯಾಗುತ್ತದೆ. ಮೇಲ್ಬದಿಯಿಂದ, ತೋಟದ ಕಡೆಯಿಂದ ಹರಿದು ಬರುವ ನೀರನ್ನು ಅಡುಗೆಮನೆಗೆ ತಲುಪುವ ಮೊದಲೇ ಬೇರೊಂದು ಚರಂಡಿಯಲ್ಲಿ ಬಳಸಿ ಹೊರಗೆ ಬಿಡಬೇಕು.

ಸಿಂಕಿನ ಬಳಕೆ ನೀರಿಗೆ ಇಂಗುಗುಂಡಿ ತೋಡುವವರಿದ್ದಾರೆ. ಜುಲೈನಲ್ಲಿ ನೆಲವೇ ನೀರು ತುಂಬಿಕೊಂಡಿರುವಾಗ ಗುಂಡಿ ಇಂಗಿಸುವುದಿಲ್ಲ, ಇಳಿಜಾರಿನಲ್ಲಾದರೆ ಆ ನೀರು ಬರೆಯನ್ನು ಮೆತ್ತಗೆ ಮಾಡುತ್ತದೆ. ಬದಲಿಗೆ ಸಿಂಕಿನಿಂದ ಬಂದ ಕೊಳವೆಯನ್ನು ಮೊದಲು ಒಂದು ಸಣ್ಣ ಜಿಡ್ಡುತೊಟ್ಟಿಗೆ ಬಿಟ್ಟು, ಅಲ್ಲಿಂದ ಬಾಳೆ ಬುಡಕ್ಕೆ ಹರಿಸುವುದು ನಮ್ಮ ನೆಲಕ್ಕೆ ಹೊಂದುತ್ತದೆ. ಜಿಡ್ಡುತೊಟ್ಟಿಗೆ ಒಂದೂವರೆ ಅಡಿ ಚೌಕದ ಗುಂಡಿ ಸಾಕು. ಹೊರಹೋಗುವ ಕೊಳವೆಯ ಬಾಯಿ ಕೆಳಮುಖವಾಗಿ ನೀರಿನಲ್ಲಿ ಮುಳುಗಿರುವಂತೆ ಬಾಗು ಕೊಟ್ಟರೆ ತೇಲುವ ಜಿಡ್ಡು ತೊಟ್ಟಿಯಲ್ಲೇ ಉಳಿಯುತ್ತದೆ. ಹಂದಿ ಮಾಂಸ ಬೇಯಿಸುವ ಮನೆಗಳಲ್ಲಿ ಈ ತೊಟ್ಟಿ ಇಲ್ಲದಿದ್ದರೆ ತಣ್ಣನೆಯ ಹವೆಗೆ ಕೊಬ್ಬು ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುವುದು ಖಂಡಿತ.

ಕಂಬ ಮತ್ತು ಚಾವಣಿ

ಆರು ಕಂಬಗಳು ಬೇಕು: ಮೂಡಣ ಬದಿಗೆ ಮೂರು, ಪಡುವಣ ಬದಿಗೆ ಮೂರು. ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಕಲ್ಲು ಬಡಿದು, 3 ಅಂಗುಲದ ಜಿ.ಐ. ಪೈಪನ್ನು ನಿಲ್ಲಿಸಿ ತೂಗುಗುಂಡಿನಿಂದ ನೇರ ನೋಡಿ, 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಬೇಕು. ಕಾಂಕ್ರೀಟನ್ನು ನೆಲದಿಂದ ಮೂರು ನಾಲ್ಕು ಅಂಗುಲ ಮೇಲಕ್ಕೆ ತಂದು, ನೀರು ಹೊರಕ್ಕೆ ಜಾರುವಂತೆ ಇಳಿಜಾರಾಗಿ ತೀಡಿದರೆ ಪೈಪಿನ ಬುಡ ತುಕ್ಕು ಹಿಡಿಯುವುದಿಲ್ಲ. ಮರದ ಕಂಬವೇ ಬೇಕೆನ್ನುವವರು ಹಲಸು, ಮತ್ತಿಯಂಥ ಗಟ್ಟಿ ಮರವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಬೇಕು, ನೆಲಕ್ಕೆ ಹೂಳಬಾರದು. ತೋಟದಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್ ಹೊರಗಿನ ತೇವಕ್ಕೂ ಗೆದ್ದಲಿಗೂ ತಡೆಯುವುದಿಲ್ಲ. ಅದು ಸೌದೆಗೆ ಸರಿ.

ಕಂಬಗಳು ನೆಲದಿಂದ 8 ಅಡಿ ಎತ್ತರವಿರಲಿ. ಹೆಚ್ಚೆನಿಸಬಹುದು, ಆದರೆ ಲೆಕ್ಕ ಹೀಗಿದೆ: ಮಂಗಳೂರು ಹಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು, ಅಂದರೆ ಏಳು ಅಡಿ ಅಡ್ಡಕ್ಕೆ ನಾಲ್ಕು ಅಡಿ ಏರು. ಪಡುವಣದಲ್ಲಿ ಮೂರು ಅಡಿ ಹೊರಚಾಚುವಷ್ಟರಲ್ಲಿ ಸೂರು ಒಂದು ಮುಕ್ಕಾಲು ಅಡಿ ಕೆಳಗಿಳಿದು 6 ಅಡಿ 3 ಅಂಗುಲಕ್ಕೆ ಬಂದು ನಿಲ್ಲುತ್ತದೆ. ಕಂಬ ಏಳೇ ಅಡಿ ಇದ್ದರೆ ಸೂರು ತಲೆಗೆ ತಾಗುತ್ತದೆ. ಮೋಂತಾಯವನ್ನು (ಮಾಡಿನ ನೆತ್ತಿಯ ತೊಲೆಯನ್ನು) ತೆಂಕು-ಬಡಗಾಗಿ ಇಟ್ಟರೆ ಮಾಡಿನ ಇಳಿಜಾರು ಪಡುವಣಕ್ಕೆ ಮುಖ ಮಾಡುತ್ತದೆ, ಇರಚಲು ಮಳೆ ಬರುವ ದಿಕ್ಕಿಗೇ ಸೂರು ತಗ್ಗಿರುತ್ತದೆ. ಈ ಒಂದು ತೀರ್ಮಾನದಿಂದ ಆಗುವ ಉಪಕಾರ ಆಮೇಲೆ ಎಷ್ಟು ಟಾರ್ಪಾಲು ಕಟ್ಟಿದರೂ ಸಿಗುವುದಿಲ್ಲ.

ಹಂಚೋ ತಗಡೋ ಎಂಬ ಪ್ರಶ್ನೆಗೆ ನಾನು ಹಂಚಿನ ಪರ. ಸೌದೆ ಒಲೆಯ ಹಬೆ ಮತ್ತು ಹೊಗೆ ಹಂಚಿನ ಸಂದುಗಳಿಂದ ತಾನಾಗಿ ಹೊರಹೋಗುತ್ತದೆ, ತಗಡಿನ ಅಡಿಯಲ್ಲಿ ಅದೇ ಹಬೆ ತಣಿದು ಹನಿಯಾಗಿ ಅಡುಗೆಯ ಮೇಲೆ ತೊಟ್ಟಿಕ್ಕುತ್ತದೆ. ಜೋರು ಮಳೆಯಲ್ಲಿ ತಗಡಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದೂ ಕಷ್ಟ. ಈ ಮಾಡಿಗೆ ಸುಮಾರು 400 ಹಂಚು ಬೇಕಾಗುತ್ತದೆ. ಹಳೆಯ ಮನೆ ಬಿಚ್ಚುವ ಕಡೆ ಒಳ್ಳೆಯ ಹಂಚುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಬೆರಳಿನಿಂದ ತಟ್ಟಿದಾಗ ಕಣಕಣ ಎಂದರೆ ಕೊಳ್ಳಿ, ಮಂದವಾದ ಸದ್ದು ಬಂದರೆ ಅದು ಬಿರುಕು ಬಿಟ್ಟಿದೆ ಎಂದೇ ತಿಳಿಯಿರಿ. 400 ಹಂಚಿನ ತೂಕ ಒಣಗಿದ್ದಾಗಲೇ ಒಂದು ಟನ್ನಿನ ಆಸುಪಾಸು, ನೆನೆದ ಮೇಲೆ ಇನ್ನೂ ಹೆಚ್ಚು. ಆದ್ದರಿಂದ ಹಂಚನ್ನು ಹೊರುವ ಪಕಾಸು, ರೀಪುಗಳ ಅಂತರವನ್ನು ಅನುಭವಿ ಬಡಗಿಯಿಂದಲೋ ವೆಲ್ಡಿಂಗ್ ಮಾಡುವವರಿಂದಲೋ ನಿರ್ಧರಿಸಿಕೊಳ್ಳಿ. ಒಲೆಯ ನೇರ ಮೇಲೆ ಎರಡು ಗಾಜಿನ ಹಂಚು ಹಾಕಿದರೆ ಮೋಡ ಕವಿದ ಮಧ್ಯಾಹ್ನದಲ್ಲೂ ಪಾತ್ರೆಯ ಒಳಗು ಕಾಣುತ್ತದೆ.

ಪಡುವಣ ಗೋಡೆ, ನೆಲ, ಕಟ್ಟೆ

ಮೂಡಣ ಬದಿ ಪೂರ್ತಿ ತೆರೆದಿರಲಿ. ಪಡುವಣಕ್ಕೆ ಮಾತ್ರ 12 ಅಡಿ ಉದ್ದಕ್ಕೂ ನಾಲ್ಕೂವರೆ ಅಡಿ ಎತ್ತರದ ಗೋಡೆ ಏರಿಸಬೇಕು. ಅದರ ಮೇಲಿನ ತೆರವಿಗೆ ಬಿದಿರಿನ ತಟ್ಟಿ ಕಟ್ಟಿ, ಮಳೆಗಾಲದಲ್ಲಿ ಹೊರಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಬೇಸಿಗೆಯಲ್ಲಿ ತೆಗೆಯಬಹುದು. 16 ಅಂಗುಲ ಉದ್ದ, 8 ಅಂಗುಲ ಎತ್ತರ, 6 ಅಂಗುಲ ದಪ್ಪದ ಸಾಲಿಡ್ ಬ್ಲಾಕುಗಳು ಗೋಡೆಗೂ ಕಟ್ಟೆಯ ಅಡ್ಡಗೋಡೆಗಳಿಗೂ ಸೇರಿ ಸುಮಾರು 100 ಬೇಕು. ಕೆಂಪು ಕಲ್ಲು ಹತ್ತಿರದಲ್ಲಿ ಸಿಗುವವರು ಅದನ್ನೇ ಬಳಸಬಹುದು. ಗಾರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಎಂ-ಸ್ಯಾಂಡ್.

ಕಟ್ಟೆಯ ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಲಾಕುಗಳ ನಾಲ್ಕು ವರಸೆ ಮತ್ತು ನಡುವಿನ ಗಾರೆ ಸೇರಿ ಮೂವತ್ತಮೂರೂವರೆ ಅಂಗುಲ ಆಗುತ್ತದೆ. ಅದರ ಮೇಲೆ ಕಡಪ, ಗ್ರಾನೈಟ್ ಹಾಕಿದರೆ 36 ಮುಟ್ಟುತ್ತದೆ. ಐದು ಅಡಿ ಎರಡು ಅಂಗುಲದ ಆಸುಪಾಸಿನವರಿಗೆ ಇದು ಎತ್ತರ, ಅರ್ಧ ಗಂಟೆ ತರಕಾರಿ ಹೆಚ್ಚುವಷ್ಟರಲ್ಲಿ ಭುಜ ನೋಯುತ್ತದೆ. ಆದ್ದರಿಂದ ಮೊದಲು ಬ್ಲಾಕಿನ ಕೆಲಸ ಮುಗಿಸಿ, ಆಮೇಲೆ 4 ಅಂಗುಲದ ನೆಲದ ಕಾಂಕ್ರೀಟನ್ನು ಅದರ ಸುತ್ತ ಹಾಕಬೇಕು. ಆಗ ಮೊದಲ ವರಸೆ 4 ಅಂಗುಲ ನೆಲದೊಳಗೆ ಹೋಗಿ, ಸಿದ್ಧವಾದ ಕಟ್ಟೆ 32 ಅಂಗುಲದ ಸುಮಾರಿಗೆ ನಿಲ್ಲುತ್ತದೆ. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈಯಿಂದ ನಾಲ್ಕೈದು ಅಂಗುಲ ಕೆಳಕ್ಕೆ ಅಳತೆ ತೆಗೆದು, ಅದಕ್ಕೆ ತಕ್ಕಂತೆ ಹೊಂದಿಸಿದರೆ ಇನ್ನೂ ಉತ್ತಮ.

ನೆಲದಡಿ 6 ಅಂಗುಲ ದಪ್ಪಕ್ಕೆ ಕಲ್ಲು ಬಡಿದು, 1:2:4 ಕಾಂಕ್ರೀಟ್ ಹಾಕಿ. 120 ಚದರ ಅಡಿಗೆ ಸುಮಾರು ಏಳು ಚೀಲ ಸಿಮೆಂಟ್ ಹಿಡಿಯುತ್ತದೆ. ಪ್ರತಿ ಅಡಿಗೆ ಕಾಲು ಅಂಗುಲದಂತೆ ಮೂಡಣ-ಬಡಗಣ ಮೂಲೆಗೆ ಇಳಿಜಾರು ಕೊಟ್ಟು, ಮೇಲ್ಮೈಯನ್ನು ನುಣುಪು ಮಾಡದೆ ಕಡ್ಡಿಪೊರಕೆಯಿಂದ ಗೀರು ಎಳೆಯಿರಿ. ಏಳು ದಿನ ನೀರು ಹಾಯಿಸಿ.

ಕಟ್ಟೆ ಪಡುವಣ ಗೋಡೆಗೆ ತಾಗಿ 8 ಅಡಿ ಉದ್ದ, 2 ಅಡಿ ಅಗಲ. ನಾಲ್ಕು ಅಡ್ಡಗೋಡೆಗಳ ನಡುವೆ ಎರಡು ಅಡಿಯಷ್ಟು ತೆರವು ಸಿಗುತ್ತದೆ. ಕಡಪ ಹಲಗೆಗಳ ಜೋಡಣೆ ಅಡ್ಡಗೋಡೆಯ ಮೇಲೆಯೇ ಬರಬೇಕು, ತೆರವಿನ ಮೇಲೆ ಬಂದರೆ ಭಾರ ಇಟ್ಟ ದಿನ ಬಿರುಕು ಬಿಡುತ್ತದೆ. ಮೇಲ್ಹಾಸಿಗೆ ಕಡಪವೇ ಸಾಕೇ ಎಂದು ಕೇಳುವವರಿದ್ದಾರೆ. ಕಡಪ ಒಂದು ಬಗೆಯ ಸುಣ್ಣದ ಕಲ್ಲು; ಹುಳಿ ತಾಗಿದರೆ ಅದರ ಮೈ ಕರಗುತ್ತದೆ. ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸದ) ಬಾಟಲಿಯ ತಳದಿಂದ ಇಳಿದ ಒಂದು ಹನಿಯನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಒರೆಸಿದ ಮೇಲೂ ಅಲ್ಲಿ ಬಿಳಿಚಿದ, ಬೆರಳಿಗೆ ಒರಟಾಗಿ ತಾಗುವ ಒಂದು ಉಂಗುರ ಉಳಿದಿರುತ್ತದೆ. ನಿಂಬೆಹಣ್ಣು, ಹುಣಸೆ ಕೂಡ ಹೀಗೆಯೇ. ಆದ್ದರಿಂದ ಕಡಪವನ್ನು ಆಧಾರಕ್ಕೆ ಮಾತ್ರ ಇಟ್ಟು, ಮೇಲೆ ಗ್ರಾನೈಟ್ ಹಾಕುವುದು ಲೇಸು. ಗ್ರಾನೈಟಿನ ಮುಂದಿನ ಅಂಚು ಕಟ್ಟೆಯಿಂದ ಒಂದು ಅಂಗುಲ ಹೊರಗೆ ಬಂದು, ಅದರ ಅಡಿಯಲ್ಲಿ ಒಂದು ಸಣ್ಣ ಗೀರು ಕೊಯ್ದಿದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಸಿಂಕನ್ನು ಕಟ್ಟೆಯ ಬಡಗಣ ತುದಿಗೆ ಇಡಿ. ನಮ್ಮ ತೇವಕ್ಕೆ 304 ದರ್ಜೆಯ ಸ್ಟೀಲ್ ಆಗಬೇಕು.

ಎಲ್ಲ ಕೆಲಸಕ್ಕೂ ಒಂದೇ ಎತ್ತರ ಹೊಂದುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವಾಗ ಬಲ ಬರುವುದು ಭುಜದಿಂದ, ದೇಹದ ಭಾರದಿಂದ. ಶಾವಿಗೆ ಒರಳನ್ನು 32 ಅಂಗುಲದ ಕಟ್ಟೆಯ ಮೇಲಿಟ್ಟರೆ ಕೈಯಷ್ಟೇ ಕೆಲಸ ಮಾಡಿ ಬೇಗ ಸೋಲುತ್ತದೆ. ತೆಂಕಣ ಬದಿಗೆ 15 ಅಂಗುಲ ಎತ್ತರದ ಒಂದು ತಗ್ಗು ಜಗಲಿ ಕಟ್ಟಿದರೆ ಒತ್ತುವುದಕ್ಕೂ, ಹಲಸಿನಹಣ್ಣು ಬಿಡಿಸುವುದಕ್ಕೂ, ಹಿರಿಯರು ಕುಳಿತು ಮಾತಾಡುವುದಕ್ಕೂ ಅದು ಒದಗುತ್ತದೆ.

ಸೌದೆ ಒಲೆ

ಒಲೆಯ ಜಾಗ ಈಶಾನ್ಯ ಮೂಲೆ. ನೈಋತ್ಯದ ಗಾಳಿ ಹೊಗೆಯನ್ನು ಅಡುಗೆ ಮಾಡುವವರ ಮುಖಕ್ಕೆ ತರದೆ ಹೊರಕ್ಕೆ ಒಯ್ಯುವ ಮೂಲೆ ಅದೊಂದೇ. ಬೇಸಿಗೆಯಲ್ಲಿ ಗಾಳಿ ಮೂಡಣದಿಂದ ತಿರುಗಿದಾಗ ತೊಂದರೆಯಾಗದಿರಲು ಹೊಗೆಕೊಳವೆ ಬೇಕೇ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಕರ್ನಾಟಕದ ಅನೇಕ ಮನೆಗಳು ಕಂಡಿವೆ. ಅದರ ಹಿಂದಿನ ತತ್ವ ಸರಳವಾದದ್ದು: ಬೆಂಕಿಯ ಕೆಳಗಿನಿಂದ ಗಾಳಿ ಬರಬೇಕು, ಉರಿ ಮೊದಲ ಪಾತ್ರೆಯ ತಳಕ್ಕೆ ನೇರವಾಗಿ ತಾಗಬೇಕು, ಉಳಿದ ಬಿಸಿ ಹೊಗೆಕೊಳವೆಗೆ ಹೋಗುವ ದಾರಿಯಲ್ಲಿ ಮುಂದಿನ ಪಾತ್ರೆಗಳನ್ನು ಕಾಯಿಸಬೇಕು. ನಮ್ಮ ಅಡುಗೆಗೆ ಇದು ಚೆನ್ನಾಗಿ ಹೊಂದುತ್ತದೆ. ಮೊದಲ ಕುಣಿಯಲ್ಲಿ ಕಡುಬು ಬೇಯುತ್ತಿದ್ದರೆ ಎರಡನೆಯದರಲ್ಲಿ ಪಂದಿಕರಿ (ಹಂದಿ ಮಾಂಸದ ಸಾರು) ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯುತ್ತಿರಬಹುದು.

ಕಟ್ಟುವ ಬಗೆ ಹೀಗೆ. ಮೊದಲು 16 ಅಂಗುಲ ಎತ್ತರ, 3 ಅಡಿ ಅಗಲ, 4 ಅಡಿ ಉದ್ದದ ಜಗಲಿ ಕಟ್ಟಿಕೊಳ್ಳಿ. ಅದರ ಮೇಲೆ ಬೆಂಕಿಗೂಡನ್ನು 9 ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲ, 3 ಅಂಗುಲ ದಪ್ಪದ ಫೈರ್‌ಬ್ರಿಕ್‌ಗಳಿಂದ ಕಟ್ಟಬೇಕು. ಬೆಂಕಿ ತಾಗುವ ಕಡೆ ಸಿಮೆಂಟ್ ಗಾರೆ ಬಳಸಕೂಡದು. ಹೆಚ್ಚಿನ ಕಾವಿಗೆ ಸಿಮೆಂಟ್ ತನ್ನ ಕಸುವು ಕಳೆದುಕೊಂಡು ಉದುರುತ್ತದೆ. ಫೈರ್‌ಕ್ಲೇಯನ್ನು (ಕಾವು ತಡೆಯುವ ಜೇಡಿಯನ್ನು) ಮಜ್ಜಿಗೆಯ ಹದಕ್ಕೆ ಕಲಸಿ, ಇಟ್ಟಿಗೆಯನ್ನು ನೀರಲ್ಲಿ ಅದ್ದಿ, ತೆಳುವಾದ ಸಂದು ಬಿಟ್ಟು ಜೋಡಿಸಿ. ಗೂಡಿನ ಒಳ ಅಗಲ 9ರಿಂದ 10 ಅಂಗುಲ, ಬಾಯಿ 8 ಅಂಗುಲ ಅಗಲ, 7 ಅಂಗುಲ ಎತ್ತರ. ತಳದಿಂದ 3 ಅಂಗುಲ ಮೇಲೆ ಎರಕದ ಕಬ್ಬಿಣದ ಜಾಲರಿ ಕೂರಿಸಿದರೆ ಬೂದಿ ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಬರುತ್ತದೆ. ಜಾಲರಿಯಿಂದ ಪಾತ್ರೆಯ ತಳಕ್ಕೆ 6 ಅಂಗುಲ ಅಂತರ ಬಿಡಿ: ಇದಕ್ಕಿಂತ ಕಡಿಮೆಯಾದರೆ ಉರಿ ಪೂರ್ತಿ ಹತ್ತುವ ಮೊದಲೇ ತಣಿದು ಮಸಿ ಕಟ್ಟುತ್ತದೆ, ಹೆಚ್ಚಾದರೆ ಸೌದೆ ವ್ಯರ್ಥ. ಬೆಂಕಿಗೂಡಿನಿಂದ ಎರಡನೆಯ ಕುಣಿಗೆ ಹೋಗುವ ದಾರಿ ಸ್ವಲ್ಪ ಮೇಲ್ಮುಖವಾಗಿ ಏರಬೇಕು, ಅದರಾಚೆ 6 ಅಂಗುಲದ ಹೊಗೆಕೊಳವೆ.

ಫೈರ್‌ಬ್ರಿಕ್‌ಗೂ ಹೊರಗಿನ ಇಟ್ಟಿಗೆಗೂ ನಡುವೆ ಎರಡು ಅಂಗುಲ ತೆರವು ಬಿಟ್ಟು ಜರಡಿ ಹಿಡಿದ ಒಣ ಬೂದಿ ತುಂಬಿದರೆ ಕಾವು ಒಳಗೇ ಉಳಿಯುತ್ತದೆ, ಹೊರಮೈ ಮುಟ್ಟಿದರೆ ಸುಡುವುದಿಲ್ಲ. ಹೊರಗಿನ ಮೆತ್ತನೆಗೆ ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು ಅಥವಾ ಹುತ್ತದ ಮಣ್ಣು, ಎರಡು ಪಾಲು ಮರಳು, ಒಂದಷ್ಟು ಭತ್ತದ ಹೊಟ್ಟು ಸೇರಿಸಿ, ಸೆಗಣಿ ನೀರಿನಲ್ಲಿ ಕಲಸಿ ಮೂರು ದಿನ ಒದ್ದೆ ಗೋಣಿ ಮುಚ್ಚಿ ಕೊಳೆಹಾಕಿ. ಕಿತ್ತಳೆ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಉಂಡೆ ಬಿರುಕು ಬಿಟ್ಟರೆ ಮರಳು ಸಾಲದು, ಒತ್ತಿದಾಗ ಪುಡಿಯಾದರೆ ಮಣ್ಣು ಸಾಲದು. ಮೆತ್ತಿದ ಮೇಲೆ ಹತ್ತು ಹದಿನೈದು ದಿನ ನೆರಳಿನಲ್ಲೇ ಆರಲಿ, ಬಿಟ್ಟ ಸಣ್ಣ ಬಿರುಕುಗಳನ್ನು ಅದೇ ಮಣ್ಣಿನಿಂದ ತೀಡಿ ಮುಚ್ಚಿ.

ಹೊಗೆಕೊಳವೆ ಮೋಂತಾಯಕ್ಕಿಂತ ಎರಡು ಅಡಿ ಮೇಲೆ ಹೋಗಿ, ಮೇಲೆ ಟೊಪ್ಪಿ ಇರಲಿ. ಕಲ್ನಾರಿನ ಹಳೆಯ ಪೈಪು ಬಳಸಬೇಡಿ. ಹಂಚು ತೂರುವ ಜಾಗದಲ್ಲಿ ಪೈಪಿಗೂ ಮರಕ್ಕೂ ಕನಿಷ್ಠ ಆರು ಅಂಗುಲ ಅಂತರ ಬಿಟ್ಟು, ಸುತ್ತ ತಗಡಿನ ಕಾಲರ್ ಹೊದಿಸಬೇಕು; ಸೋರಿಕೆ ಆರಂಭವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಒಲೆಯ ಬಲಬದಿಗೆ ಒಂದು ಅಡಿ ಚೌಕದ, ಎರಡು ಅಂಗುಲ ಆಳದ ಚಪ್ಪಟೆಯಾದ ಕೆಂಡದ ಕುಳಿ ಬಿಡಿ. ಬಾಣಲೆಯಿಂದ ತೆಗೆದ ಅಕ್ಕಿ ರೊಟ್ಟಿಯನ್ನು ಕೆಂಡದ ಮೇಲಿಟ್ಟು ಉಬ್ಬಿಸಲು ಇದಕ್ಕಿಂತ ಅನುಕೂಲ ಬೇರಿಲ್ಲ. ಹಾಗೆಯೇ ಒಲೆಯ ಮುಂದೆ, ಚಾವಣಿಯ ಅಡಿಯಲ್ಲಿಯೇ, ನೆಲಮಟ್ಟದಲ್ಲಿ ಮೂರು ಅಡಿ ಚೌಕಕ್ಕೆ ಇಟ್ಟಿಗೆ ಹಾಸಿ ದೊಡ್ಡ ಪಾತ್ರೆಗೆಂದು ಮೂರು ಕಲ್ಲಿನ ಒಲೆಯ ಜಾಗ ಕಾದಿರಿಸಿ. ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಅಂಗಳ ಒಣಗಿರುತ್ತದೆ, ಹೊರಗೇ ಒಲೆ ಹೂಡಬಹುದು. ಸೆಪ್ಟೆಂಬರ್ ಮೊದಲಿಗೇ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಆ ಭರವಸೆ ಇಲ್ಲ.

ಗ್ಯಾಸ್ ಮತ್ತು ವಿದ್ಯುತ್

ಗ್ಯಾಸ್ ಒಲೆ ಕಟ್ಟೆಯ ತೆಂಕಣ ತುದಿಗೆ, ಸಿಲಿಂಡರ್ ಅದರ ಅಡಿಯ ತೆರವಿನಲ್ಲಿ. ಹೀಗೆ ಇಟ್ಟರೆ ಸೌದೆ ಒಲೆಗೂ ಸಿಲಿಂಡರಿಗೂ ನಡುವೆ 8 ಅಡಿಗೂ ಮಿಕ್ಕಿ ಅಂತರ ಉಳಿಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಆ ತೆರವಿಗೆ ಮುಚ್ಚುವ ಬಾಗಿಲು ಹಾಕಬೇಡಿ, ಹಿಂಬದಿಯ ಗೋಡೆಯಲ್ಲಿ ನೆಲಮಟ್ಟಕ್ಕೆ ಒಂದು ಕಿಂಡಿ ಬಿಡಿ, ಚರಂಡಿಯ ಬಾಯಿ ಹತ್ತಿರ ಇರದಂತೆ ನೋಡಿಕೊಳ್ಳಿ. ಸಿಲಿಂಡರ್ ಸದಾ ನೆಟ್ಟಗೆ ನಿಂತಿರಬೇಕು. ಐಎಸ್‌ಐ ಗುರುತಿನ ಸುರಕ್ಷಾ ಕೊಳವೆಯನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಇಲಿ ಕಡಿದ ಗುರುತು ಕಂಡರೆ ಅಂದೇ ಬದಲಿಸಿ. ಸೋರಿಕೆಯ ತುರ್ತು ಕರೆಗೆ 1906 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡುವುದು ಜಾಣತನ.

ವಿದ್ಯುತ್ ಸಂಪರ್ಕಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅವರನ್ನೇ ಕರೆಯಿರಿ. ಮನೆಯ ಬೋರ್ಡಿನಿಂದ ಪ್ರತ್ಯೇಕ ಲೈನ್, ಅದಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ಮುಚ್ಚಳವಿರುವ ಮಳೆನಿರೋಧಕ ಸಾಕೆಟ್ ಇಷ್ಟೂ ಇರಬೇಕು. ಒದ್ದೆ ಕಾಲಿನಲ್ಲಿ ಮಿಕ್ಸಿ ತಿರುಗಿಸುವ ಜಾಗ ಇದು, ಇಲ್ಲಿ ಉಳಿತಾಯದ ಮಾತು ಬೇಡ.

ಸೌದೆಯ ಜೋಪಾನ

ಸೌದೆ ಒಣಗಿರದಿದ್ದರೆ ಎಂಥ ಒಲೆಯೂ ಹೊಗೆಯುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದನ್ನು ಆವಿ ಮಾಡುವುದರಲ್ಲೇ ಉರಿ ಸೋಲುತ್ತದೆ. ಕಿತ್ತ ಹಳೆಯ ಕಾಫಿ ಗಿಡದ ಬುಡ ನಿಧಾನವಾಗಿ ಉರಿದು ಗಟ್ಟಿ ಕೆಂಡ ಕೊಡುತ್ತದೆ, ಸಿಲ್ವರ್ ಓಕ್ ಸೀಳು ಬೇಗ ಹತ್ತುತ್ತದೆ. ಎರಡನ್ನೂ ಸೇರಿಸಿ ಬಳಸಬೇಕು. ಹೊಲಗೇರು, ಚೇರಿನಂಥ ಮರಗಳ ಸೊನೆ ಮೈ ಸುಡುತ್ತದೆ, ಅವನ್ನೂ ಕಣಗಿಲೆಯನ್ನೂ ಒಲೆಯ ಹತ್ತಿರ ತರಬೇಡಿ. ಬೇಸಿಗೆಯಲ್ಲೇ ಸೀಳಿ, ಬಿಸಿಲಿಗೆ ಒಣಗಿಸಿ, ಬಡಗಣ ಬದಿಯಲ್ಲಿ ನೆಲದಿಂದ ಒಂದು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿಡಿ. ಅಡಿಯ ತೆರವು ಕಣ್ಣಿಗೆ ಕಾಣುವಂತಿದ್ದರೆ ಹಾವು ಸೇರಿಕೊಂಡರೂ ತಿಳಿಯುತ್ತದೆ. ಸೌದೆ ಎಳೆಯುವ ಮೊದಲು ಕೋಲಿನಿಂದ ತಟ್ಟುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿ. ಒಲೆಯ ಮೇಲ್ಭಾಗದಲ್ಲಿ, ಉರಿ ತಲುಪದಷ್ಟು ಎತ್ತರಕ್ಕೆ ಕಬ್ಬಿಣದ ಸರಳುಗಳ ಒಂದು ಅಟ್ಟ ಇದ್ದರೆ ಮರುದಿನದ ಸೌದೆ ಅಲ್ಲಿಯೇ ಬೆಚ್ಚಗಾಗುತ್ತದೆ.

ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆಗಳ ಓಡಾಟ ಇರುವುದರಿಂದ ಅಕ್ಕಿ, ಉಪ್ಪು, ಬಾಳೆಗೊನೆ, ಮಾಗಿದ ಹಲಸು ಇವನ್ನು ರಾತ್ರಿ ಹೊರ ಅಡುಗೆಮನೆಯಲ್ಲಿ ಬಿಡಲೇಬಾರದು. ಹಲಸಿನ ಸಿಪ್ಪೆಯನ್ನೂ ಹತ್ತಿರದಲ್ಲಿ ಸುರಿಯಬೇಡಿ.

ಮೊದಲ ಉರಿ

ಹೊಸ ಒಲೆಗೆ ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ಒಳಗೆ ಉಳಿದ ತೇವ ಆವಿಯಾಗಿ ಹೊರಬರಲು ದಾರಿ ಸಿಗದೆ ಮಣ್ಣು ಸೀಳುತ್ತದೆ. ಮೊದಲ ದಿನ ಒಣ ತರಗು, ಕಡ್ಡಿಗಳಿಂದ ಅರ್ಧ ಗಂಟೆ ಮಾತ್ರ ಸಣ್ಣ ಬೆಂಕಿ. ಮರುದಿನ ಒಂದು ಗಂಟೆ. ಹೀಗೆ ಒಂದು ವಾರ ಏರಿಸುತ್ತ ಹೋಗಿ. ಕೊಳವೆಯಿಂದ ಮೊದಲು ಬಿಳಿ ಆವಿ ಬರುವುದು ನಿಂತು ತೆಳುವಾದ ಹೊಗೆ ಮಾತ್ರ ಕಂಡರೆ ಒಲೆ ಒಣಗಿದೆ ಎಂದರ್ಥ. ಅದಾದ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಟ್ಟು ಪೂರ್ತಿ ಉರಿಯಲ್ಲಿ ಕುದಿಸಿ, ಹೊಗೆ ಎಲ್ಲಿಂದಾದರೂ ನುಸುಳುತ್ತದೆಯೇ ಎಂದು ಸಂದುಗಳನ್ನು ನೋಡಿ ಮೆತ್ತಬೇಕು. ಪ್ರತಿವರ್ಷ ಮೇ ತಿಂಗಳಲ್ಲಿ ಕೊಳವೆಯ ಮಸಿ ತೆಗೆಯುವುದು, ಒಡೆದ ಹಂಚು ಬದಲಿಸುವುದು, ಚರಂಡಿಯ ತರಗು ಎತ್ತುವುದು, ಜಿಡ್ಡುತೊಟ್ಟಿ ಬಳಿಯುವುದು, ಜಾಲರಿಗೆ ಎಣ್ಣೆ ಸವರುವುದು ಈ ಐದು ಕೆಲಸಗಳು ಮುಂಗಾರಿಗೆ ಮೊದಲು ಮುಗಿದಿರಬೇಕು. ಕೊನೆಗೆ ಪಡುವಣದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿ, ಕಟ್ಟಿದ ಹಗ್ಗ ಬಿಸಿಲಿಗೆ ಸವೆದಿದ್ದರೆ ಹೊಸದು ಹಾಕಿ.